ಬ್ಯಾರನ್ನಲ್ಲಿಟ್ಟ ಕಾಫಿ

ಕೊಪ್ಪದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡ ಹೆಂಡತಿಯ ಕಾಲಬುಡದಲ್ಲಿ ಒಂದು ಕಾಫಿ ಬೀಜದ ಮೂಟೆಯಿತ್ತು. ಕಾಫಿ ಕೊಳ್ಳುವ ಕಂಪನಿಯ ರುಚಿ ನೋಡುವವರು ಅದನ್ನು ಆಗತಾನೇ ಬೇಡವೆಂದು ವಾಪಸ್ ಕಳಿಸಿದ್ದರು.

"ಒಣಗಿದ ಕಾಫೀನ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಲ್ಲಿ ಯಾರಾದ್ರೂ ಇಡ್ತಾರಾ?"

"ಮಳೆ ಬಂತಲ್ಲ ಕಣೇ, ಇನ್ನೆಲ್ಲಿ ಇಡ್ಲಿ?"

"ಬರೀ ಕೆಂಪಣ್ಣೇ ಆರ್ಸಿ ಕುಯ್ದಿದ್ದೆ. ಪ್ಯಾಕೆಟ್ ಮೇಲೆ 'ರಾವಂದೂರು ಮಂಗಳಮ್ಮನ ಕಾಫಿ' ಅಂತ ಹಾಕ್ತೀವಿ ಅಂದಿದ್ರು. ಈಗ ಬಾಯಿಗಿಟ್ರೆ ಹೊಗೆಸೊಪ್ಪಿನ ವಾಸ್ನೆ ಅಂತಾರೆ."

"ನಂಗೇನೂ ಬತ್ತಿಲ್ಲ ಬುಡು."

"ನಿಮಗೆಲ್ಲಿ ಬತ್ತದೆ, ಆ ಬ್ಯಾರನ್ ಮುಂದೇ ಬೆಳ್ದೋರು."

"ಮುಂದಿನ್ವರ್ಸ ಹಾಕಿಸ್ಕೋ ನಿನ್ನೆಸ್ರ."

"ಅದು ಆಮೇಲಿನ ಮಾತು. ಈ ಮೂಟೆ ಮುಗಿಯೋಗಂಟ ಬೆಳಿಗ್ಗೆ ಸಂಜೆ ನಿಮಗೆ ಇದೇ ಕಾಫಿ."

ಬಸ್ ಬಂತು. ಆಕೆ ಹಿಂದೆ ತಿರುಗದೆ ಹತ್ತಿದಳು. ಆತ ಮೂಟೆ ಎತ್ತುವ ಮೊದಲು ಬಗ್ಗಿ, ಒಮ್ಮೆ ಮೂಸಿ ನೋಡಿದ.