ಟೆಂಪರರಿಗೆ ಹೋದ ಅರ್ಧ ಮಾರ್ಕು

...ಅರ್ಧ ಮಾರ್ಕು, ಟೀಚರೇ! ನಿಮಗದು ಸಣ್ಣ ವಿಷಯ ಇರಬಹುದು. ನಮ್ಮ ಮನೇಲಿ ನಿನ್ನೆ ಸಂಜೆಯಿಂದ ಯಾರೂ ಸರಿಯಾಗಿ ಊಟ ಮಾಡಿಲ್ಲ. ಯಾರೂ ಅಂದ್ರೆ... ನಾನು. ಮಗಳು ಚೆನ್ನಾಗೇ ಉಂಡಳು, ಎರಡು ಸಲ ಬಡಿಸ್ಕೊಂಡಳು. ಐದನೇ ಕ್ಲಾಸಿನ ಮಕ್ಕಳಿಗೆ ಮಾನದ ಬೆಲೆ ಏನು ಗೊತ್ತು? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಮ್ಮದು ಅರ್ಧ ಮಾರ್ಕಿಗೇ ಹೋಯ್ತು.

ಆ ಬಕೆಟ್ ಸ್ವಲ್ಪ ಈ ಕಡೆ ತಳ್ತೀರಾ? ಹ್ಞಾ, ಸಾಕು. ಸ್ಟಾಫ್ ರೂಮಿನ ಸಿಂಕು ಸೋರ್ತಿದೆ ಬಾ ಅಂತ ಹೆಡ್ಮಿಸ್ಸು ಕರೆದ್ರು, ಬಂದೆ. ನೀವೊಬ್ಬರೇ ಕೂತಿದ್ರಿ. ಇದರಲ್ಲಿ ಸಂಚೇನಿಲ್ಲ. ಮಗಳ ನೋಟ್‌ಬುಕ್ಕು ನನ್ನ ಪಾನಾ ಚೀಲದಲ್ಲಿ ಇದ್ದದ್ದೂ ಆಕಸ್ಮಿಕ... ಯಾಕೆ ನಗ್ತೀರಿ? ಸಿಂಕಿನ ಕೆಳಗೆ ಮಲಗಿದೋನಿಗೆ ನಿಮ್ಮ ಪಾದ ಮಾತ್ರ ಕಾಣುತ್ತೆ. ಆದ್ರೂ ಗೊತ್ತಾಗುತ್ತೆ, ನಕ್ಕಾಗ ಹೆಬ್ಬೆರಳು ಮಡಿಸ್ತೀರಿ.

ನೋಟ್‌ಬುಕ್ ಕೊಟ್ಟಿದೀನಲ್ಲ, ತೆಗೀರಿ ಆ ಪುಟ. ಹೋಂವರ್ಕು, ಹತ್ತು ಇಂಗ್ಲಿಷ್ ಪದ. ಅರ್ಥಕ್ಕೆ ಅರ್ಧ ಮಾರ್ಕು, ವಾಕ್ಯಕ್ಕೆ ಅರ್ಧ. ಒಂಬತ್ತು ಪದ ಸಲೀಸು. ಹತ್ತನೇದು ಟೆಂಪರರಿ. ಅರ್ಥ: ಸ್ವಲ್ಪ ಕಾಲ ಮಾತ್ರ ಇರುವಂಥದ್ದು. ಸರಿ ಹಾಕಿದೀರಿ. ವಾಕ್ಯ: 'ಮೈ ಮದರ್ ಈಸ್ ಇನ್ ಮೈ ಆಂಟ್ಸ್ ಹೌಸ್. ಇಟ್ ಈಸ್ ಟೆಂಪರರಿ.' ಅಮ್ಮ ಚಿಕ್ಕಮ್ಮನ ಮನೇಲಿದಾಳೆ, ಸ್ವಲ್ಪ ಕಾಲಕ್ಕೆ. ಎಲ್ಲಿದೆ ತಪ್ಪು? ತಪ್ಪು ಅಂತ ನೀವೂ ಬರೀಲಿಲ್ಲ. ಎರಡು ವಾಕ್ಯದ ನಡುವೆ ಒಂಚೂರು ಜಾಗ ಖಾಲಿ ಇದೆ ಅಂತ, ಅಲ್ಲಿ ಕೆಂಪು ಇಂಕಲ್ಲಿ 'ಇಲ್ಲಿ ಏನಿತ್ತು?' ಅಂತ ಕೇಳಿದೀರಿ. ಮಾರ್ಕು ಕೊಡದೇ ಇದ್ದದ್ದಲ್ಲದೆ ಪ್ರಶ್ನೆ ಬೇರೆ!

ಬೇರೆ ಪದ ಆಗಿದ್ರೆ ಸುಮ್ನಿರ್ತಿದ್ದೆ. ನಾಲ್ಕನೇದು, ಮ್ಯಾಗ್ನಿಫಿಸೆಂಟು... ಅದು ನನಗೆ ಈ ಜನ್ಮದಲ್ಲಿ ಒಂದು ಸಲಾನೂ ಬೇಕಾಗಿಲ್ಲ. ಆದ್ರೆ ಟೆಂಪರರಿ! ಅದು ನನ್ನ ಕಸುಬಿನ ಮಾತು. ಇಪ್ಪತ್ತೆರಡು ವರ್ಷದಿಂದ ದಿನಾ ಆಡ್ತಿದೀನಿ. ಬಗ್ಗಿ ನೋಡಿ, ಈ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿದೆಯಲ್ಲ, ಸುತ್ತಿದೋನು ನಾನೇ. 'ಟೆಂಪರರಿ ಮಾಡಿದೀನಿ, ಸೋಮವಾರ ಬಂದು ಹೊಸದು ಹಾಕ್ತೀನಿ' ಅಂದಿದ್ದೆ. ನಾಲ್ಕು ವರ್ಷ ಆಯ್ತು. ಇವತ್ತಿನ ತನಕ ಒಂದು ಹನಿ ಬಿದ್ದಿರಲಿಲ್ಲ! ಯಾವ ಸೋಮವಾರಪ್ಪಾ ಅಂತ ಯಾರೂ ಕೇಳಲೂ ಇಲ್ಲ. ಡಿಕ್ಷನರಿ ಬರೆದೋರಿಗೆ ನಲ್ಲಿ ಕೆಲಸ ಗೊತ್ತಿಲ್ಲ, ಟೀಚರೇ.

ತಡೀರಿ, ಈಚೆ ಬರ್ತೀನಿ. ಆ ವಾಷರ್ ಕೊಡಿ.

ಏನಂದ್ರಿ? ಅವಳಮ್ಮನಾ? ತಂಗಿಗೆ ಹೆರಿಗೆ, ನೋಡ್ಕೊಳ್ಳೋಕೆ ಹೋಗಿದಾಳೆ. ಒಂದು ತಿಂಗಳು ಅಂದಿದ್ಲು. ಮಗು ಚೆನ್ನಾಗಿದೆ, ಗುಂಡುಗುಂಡಗಿದೆ. ಮೊನ್ನೆ ಮಗಳು ಫೋನ್ ಮಾಡಿದಾಗ ಕೇಳಿಸ್ತಿತ್ತು, ಮನೆ ತುಂಬ ಓಡಾಡಿ ಪಾತ್ರೆ ಬೀಳಿಸುತ್ತೆ, ತುಂಟ...

ಯಾಕೆ ಬೆರಳು ಎಣಿಸ್ತಿದೀರಿ? ಕೆಲವು ಮಕ್ಕಳು ಬೇಗ ನಡೀತಾವೆ!

ಸರಿ, ಹದಿನಾಲ್ಕು ತಿಂಗಳು. ಅದಕ್ಕೇನೀಗ? ಅಕ್ಕ ತಂಗಿ ಕೂತ್ರೆ ಮಾತು ಮುಗಿಯುತ್ತಾ? ಹೊಲಿಗೆ ಮಿಷನ್ನೂ ತಗೊಂಡು ಹೋಗಿದಾಳೆ, ಹೌದು. ಮಗುಗೆ ಬಟ್ಟೆ ಹೊಲೀಬೇಡ್ವಾ? ಮಿಷನ್ನಿನ ಕಾಲು ಬಿಚ್ಚಿ ಗಾಡಿಗೆ ಏರಿಸಿದ್ದೂ ನಾನೇ. ಅವಳಿಗೆ ನಟ್ಟು ಬಿಚ್ಚೋಕೆ ಬರಲ್ಲ. ನಾನು ಬಿಚ್ತಾ ಇದ್ರೆ ಪಕ್ಕದಲ್ಲೇ ನಿಂತು 'ನಿಮ್ಮ ಸೋಮವಾರ ಬರೋದೇ ಇಲ್ಲ ಕಣ್ರೀ' ಅಂದ್ಲು. ಯಾವ ಕೆಲಸದ ಬಗ್ಗೆ ಅಂದ್ಲೋ... ಬಾಕಿ ಬೇಕಾದಷ್ಟಿದ್ವು.

ಹಾಳೆ ಯಾಕೆ ಕಿಟಕಿ ಬೆಳಕಿಗೆ ಹಿಡೀತಿದೀರಿ? ಅಲ್ಲೇನೂ ಇಲ್ಲ. ಮಕ್ಕಳು ಬರೀತಾವೆ, ಅಳಿಸ್ತಾವೆ... ಅವಳೇ ಅಳಿಸಿರಬೇಕು...

ಟೀಚರೇ?

ಬೈದ್ರೂ ಪರವಾಗಿಲ್ಲ. ಹಾಳೆ ಮೇಲೆ ಹಾಗೆ ಬೆರಳಾಡಿಸಬೇಡಿ, ನನ್ನ ಕೈಲಿ ಆಗಲ್ಲ.

...ಕುಂಬಳಕಾಯಿ ಕಳ್ಳ ಅಂತ ನೀವು ಅನ್ನಲೂ ಇಲ್ಲ, ನಾನೇ ಹೆಗಲು ಮುಟ್ಟಿ ನೋಡ್ಕೊಂಡೆ. ನಾನೇ ಅಳಿಸಿದ್ದು. ಅವಳು ಹೋಂವರ್ಕು ಮುಗಿಸಿ ಆಟಕ್ಕೆ ಹೋಗಿದ್ಲು. ಮೂರೇ ಪದ ಅಳಿಸಿ, ಆಮೇಲೆ ಬರೋ 'ಇಟ್'ನ ಮೊದಲ ಚಿಕ್ಕಕ್ಷರಾನ ದೊಡ್ಡದು ಮಾಡ್ದೆ. ನೀಟಾಗೇ ಮಾಡಿದ್ದೆ. ಆದ್ರೆ ಅವಳು ಪೆನ್ಸಿಲ್ ಒತ್ತಿ ಬರೀತಾಳೆ. ಎಷ್ಟು ಉಜ್ಜಿದ್ರೂ ಗುರುತು ಹೋಗ್ಲಿಲ್ಲ.

'ಮೈ ಫಾದರ್ ಸೇಸ್.' ಮೈ ಫಾದರ್ ಸೇಸ್ ಇಟ್ ಈಸ್ ಟೆಂಪರರಿ.

ಅಪ್ಪ 'ಹೇಳ್ತಾರೆ' ಅಂತೆ! ಅಂದ್ರೆ ಏನು? ಅಪ್ಪ ಹೇಳ್ತಾರೆ, ನಾನು ನಂಬಲ್ಲ ಅಂತ ತಾನೆ? ಹದಿನಾಲ್ಕು ತಿಂಗಳಿಂದ ನಾನು ಹೇಳ್ದಾಗೆಲ್ಲ 'ಹ್ಞೂ ಅಪ್ಪಾ' ಅಂದ್ಲು. ನನ್ನ ಮುಖಕ್ಕೆ ಒಂದು ದಿನಾನೂ ಇಲ್ಲ ಅನ್ನಲಿಲ್ಲ. ನಾನು ಅವಳನ್ನ ಸಮಾಧಾನ ಮಾಡ್ತಿದೀನಿ ಅಂದ್ಕೊಂಡಿದ್ದೆ, ಟೀಚರೇ... ಅವಳು ನನ್ನನ್ನ ಸಮಾಧಾನ ಮಾಡ್ತಿದ್ಲು.

ಆ ಮೂರು ಪದ ಇದ್ರೆ ಬಳಕೆ ಸರಿ ತಾನೆ?

ಪೆನ್ಸಿಲ್ ಕೊಡಿ. ಅಳಿಸಿದೋನು ನಾನು, ನಾನೇ ಬರೀತೀನಿ. ಅವಳ ಗುರುತಿನ ಮೇಲೇ ಕೈ ಆಡಿಸಿದ್ರಾಯ್ತು. ಮೈ... ಫಾದರ್... ಸೇಸ್. ತಗೊಳ್ಳಿ. ಕೈ ಒದ್ದೆ ಇತ್ತು, ಹಾಳೆ ಸ್ವಲ್ಪ ನೆಂದಿದೆ.

ಇನ್ನೊಂದೇ ನಟ್ಟು, ಇರಿ... ಆಯ್ತು. ಈ ಸೈಕಲ್ ಟ್ಯೂಬನ್ನ ಕಸದ ಬುಟ್ಟಿಗೆ ಹಾಕಿಬಿಡಿ. ಹೊಸ ಪೈಪು ಕೂರಿಸಿದೀನಿ. ನಲ್ಲಿ ತಿರುಗಿಸಿ, ನೋಡೋಣ. ಇನ್ನೂ ಸ್ವಲ್ಪ... ಸೋರ್ತಿಲ್ಲ.

ಬರೆದ್ರಾ? ತೋರಿಸಿ.

ಹತ್ತಕ್ಕೆ ಹತ್ತು.