ಮೂರನೇ ಹಾಡಿನ ಮ್ಯಾಲಿನ ದನಿ

...ಚಹಾ ಬ್ಯಾಡ. ನಾ ಕುಂದ್ರಾಕ ಬಂದಿಲ್ಲ. ಆ ನಟ್ಟು ಬಿಚ್ಚೂ ಪಾನಾ ಕೆಳಗಿಡು ಮೊದಲ. ಇಡು ಅಂದ್ರ! ಆಟೋ ನಗರದಾಗ ಒಂದು ಲಾರಿ ಅರ್ಧಾ ತಾಸು ತಡಾ ಆದ್ರ ಏನೂ ಆಗಂಗಿಲ್ಲ. ನನ್ನ ಮಾರಿ ನೋಡಿ ಹೇಳು, ಚಾಂದಸಾಬ. ಇದನ್ನ ಬರದಾಂವ ಯಾರು?

ಯಾವುದು ಅಂತ ಕೇಳ್ತಿ? ಭಾಳ ಶಾಣ್ಯಾ ಇದ್ದಿ ಬಿಡು. ಇದಽ, ಇವತ್ತಿನ ಪೇಪರು! ನಮ್ಮ ಆಲ್ಬಮ್ಮಿನ ಮ್ಯಾಲೆ ಬರದಾರ. ಕೆಳಗ ಹೆಸರಿಲ್ಲ. 'ಒಬ್ಬ ಕೇಳುಗ' ಅಂತ. ಕೇಳುಗ ಅಂತಪಾ!

ಹದಿನೈದು ದಿನಾ ಎಲ್ಲಾರೂ ಹೊಗಳಿದ್ದಽ ಹೊಗಳಿದ್ದು. ಬೆಂಗಳೂರಿನವರು ಏನ್ ಬರದಿದ್ರು? 'ಮೂವತ್ತು ವರ್ಷದ ಜಾನಪದ ಬ್ಯಾಂಡಿಗೆ ಇನ್ನೂ ದಮ್ಮಿದೆ. ಅರವತ್ತರ ನಾಗಲಿಂಗ ಮೂರನೇ ಹಾಡಿನಲ್ಲಿ ಇಪ್ಪತ್ತರ ದನಿ ಎತ್ತಿದ್ದಾರೆ.' ನಮ್ಮ ಮನ್ಯಾಕಿ ತ್ರಿವೇಣಿ ಅದನ್ನ ಕತ್ತರಿಸಿ ಕಪಾಟಿಗೆ ಹಚ್ಚ್ಯಾಳ. ಮಹಾಂತೇಶ ನಗರದಾಗ ಹಾಲಿನಾಂವ ಸೈತ ನನ್ನ ನಿಲ್ಲಿಸಿ ಮಾತಾಡಸ್ತಾನ. ಇವತ್ತ ನೋಡು... 'ಮೂರನೇ ಹಾಡಿನ ಮೇಲಿನ ದನಿ ನಾಗಲಿಂಗ ಅವರದಲ್ಲ. ಹಾಗಾದರೆ ಯಾರದು?'

ಯಾಕ ನಗ್ತಿ? ನಗೂವಂಥಾದ್ದು ಏನೈತಿ ಇದರಾಗ?

ನೀನಽ ವಿಚಾರ ಮಾಡು. ಖಾನಾಪುರದಾಗ ರೆಕಾರ್ಡ್ ಮಾಡುಮುಂದ ಆ ಖೋಲ್ಯಾಗ ಎಷ್ಟು ಮಂದಿ ಇದ್ವಿ? ನಾನು, ನೀನು, ಮಶಿನ್ ಮುಂದ ರೋಹನ. ಮೂರನೇ ಹಾಡಿನ ಆ ಮ್ಯಾಲಿನ ಸಾಲಿಗೆ ನನ್ನ ದನಿ ಒಡೀತು. ಮೂರು ಸಲ ಒಡೀತು... ಆವಾಗ ನೀ, ಹಾರ್ಮೋನಿಯಂ ಬಾರಿಸ್ಕೋತ ಕುಂತಾಂವ, ಕಣ್ಣ ಮುಚ್ಚಿ ಎತ್ತಿದಿ ನೋಡು... ಖರೇ ಹೇಳ್ತೀನಿ, ಮೈ ಝುಂ ಅಂತು ನನಗ. ರೋಹನ ಬಾಯಿ ಬಿಡೂ ಪೈಕಿ ಅಲ್ಲ. ನಾ ಯಾರಿಗೂ ಹೇಳಿಲ್ಲ. ಉಳದಾಂವ ಯಾರು? ಹೇಳಲಾ!

ಮೂವತ್ತು ವರ್ಷ ಹಿಂದ ಕುಂತಾಂವಗ ಮುಂದ ಬರೂ ಆಸೆ ಆಗಿರಬೇಕು. ಆಗ್ಲಿ, ತಪ್ಪಲ್ಲ! ನನ್ನ ಮುಂದ ಹೇಳಬೇಕಿತ್ತು. ಹಿಂಗ ಹೆಸರು ಮುಚ್ಚಿಟ್ಟು, ಕಳ್ಳನಂಗ...

ಏನ್ ಹುಡುಕ್ತಿ ಕಿಸೇದಾಗ? ಚಷ್ಮಾ? ಹಿಡಿ, ಓದು. ನೀ ಬರದದ್ದು ನೀನಽ ಓದು!

...ಅದ್ಯಾಕ ಬೆರಳಿಟ್ಟು ಓದ್ತಿ? ಅಷ್ಟು ಸಾವಕಾಶ... ಚಾಂದಾ? ನೀ ಇದನ್ನ... ಈಗಽ ಮೊದಲ ಸಲ ಓದಾಕ ಹತ್ತೀಯೇನು?

ಸಾಕು, ಕೊಡಿಲ್ಲೆ. ಕಡೀ ಸಾಲು ಬಿಡು. ಬಿಡಲಾ, ಅದರಾಗ ಏನಿಲ್ಲ... ನಿನ್ನ ಬೆರಳು ಅಲ್ಲೇ ನಿಂತಿತಲ್ಲ, ಆತು, ನಾನಽ ಓದಿ ಹೇಳ್ತೀನಿ... 'ಆಲ್ಬಮ್ಮಿನ ಹೆಸರಿನ ಪಟ್ಟಿಯಲ್ಲೂ ಉತ್ತರವಿಲ್ಲ. ಚಾಂದಸಾಬ ಅವರ ಹೆಸರಿನ ಮುಂದೆ ಬರೀ ಹಾರ್ಮೋನಿಯಂ ಎಂದಿದೆ.'

ಹೂಂ. ಬರೇ ಹಾರ್ಮೋನಿಯಂ ಅಂತ ಐತಿ. ದನಿ ಇಬ್ಬರದೂ ಅಂತ ಬರಸ್ತೀನಿ ಅಂದಿದ್ದೆ, ನಿನ್ನ ಕೈ ಹಿಡದು ಅಂದಿದ್ದೆ. ನೀ ನಂಬಿ ಆ ಪಟ್ಟಿ ತಗದೂ ನೋಡಿಲ್ಲ...

ರೋಹನ ದನಿಗೂ ನಿನ್ನ ಹೆಸರು ಹಾಕಿದ್ದಾ. ನಾನಽ ತಗಿಸಿದೆ. ಹೊಟ್ಟಿ ಉರೀತೋ! ಇಷ್ಟು ವರ್ಷ ಹಾಡಿ ಹಾಡಿ ನನ್ನ ಗಂಟಲ ಮುಗೀತು, ನಿಂದು ಹಂಗಽ ಹೊಸಾದು ಉಳದೈತಿ ಅಂತ...

ಪೇಪರ್ ಮಡಚಿ ಕೊಡಬ್ಯಾಡ. ಬೈಯಿ! ಎದ್ದು ಒಂದು ಹಾಕು ಬೇಕಾದ್ರ! ಹಿಂಗ ಲಾರಿ ಕಡೆ ಹೊಳ್ಳಿದ್ರ ನಾ ಏನ್ ಮಾಡ್ಲಿ? ಯಾವನೋ ಖರೇನಽ ಕಿವಿ ಕೊಟ್ಟು ಕೇಳಿದಾಂವ ಬರದಾನ ಇದನ್ನ. ಬರದಾಂವ ನೀನಽ ಆಗಿದ್ರ ಚಲೋ ಇತ್ತೋ, ಚಾಂದಾ... ನನ್ನಂಗ ನೀನೂ ಕಳ್ಳ ಆಗಿ ಇಬ್ಬರೂ ಒಂದಽ ಆಗತಿದ್ವಿ.