ಹಗೇವಿನ ಕಲ್ಲಿನ ಮೇಲೆ ಕುಂತ ಕೇಶರಬಾಯಿ

ಕೂಡಿದ ಎಲ್ಲರಿಗೂ ಶರಣು, ಜೈಭೀಮ್, ಸಲಾಂ. ಕೇಶರಬಾಯಿಯ ಮಗ ವೈಜಿನಾಥ, ಸೊಸಿ ಗಿರಿಜಾಬಾಯಿ — ಮುಂದ ಬಂದು ಕೂಡ್ರಿ. ತಲಿ ಎತ್ತಿ ಕೂಡ್ರಿ. ನಿಮ್ಮವ್ವ ತಲಿ ತಗ್ಗಿಸೋ ಕೆಲಸ ಮಾಡಿ ಸತ್ತಿಲ್ಲ.

ನಮ್ಮ ಮೆಹಕರದ ಹೆಣ್ಣುಮಕ್ಕಳು ಕೂಡಿ ನೆಲದಲ್ಲಿ ಹಗೇವು ತೋಡಿ ಜೋಳ ತುಂಬಿದಾಗ ಗಂಡಸರು ನಕ್ಕರು. "ರೇಶನ್ ಅಕ್ಕಿ ಇರೂತನಾ ಜೋಳ ಯಾಕ ಹೂಳ್ತೀರಿ, ಬಾಯಿ?" ಕೇಶರಬಾಯಿ ಅಂದಳು — "ನಿಮ್ಮನ್ನ ಹೂಳೂದಕಿಂತ ಚಲೋ ಅಲ್ಲೇನ್ರಿ?" ಹಂಗಿತ್ತು ಆಕೆಯ ಬಾಯಿ. ಹೊಲವಿದ್ದವರು ಜೋಳ ಕೊಡಬೇಕು, ಹೊಲವಿಲ್ಲದವರು ಅಗೆದು, ಹುಲ್ಲು ಹಾಸಿ, ಮಣ್ಣು ಮೆತ್ತಬೇಕು. ಬರ ಬಿದ್ದರೆ ಎಲ್ಲರಿಗೂ ಒಂದೇ ಪಾಯಲಿಯ ಅಳತೆ.

ಬರ ಬಿತ್ತು. ಅರ್ಧ ಊರು ಗುಳೆ ಹೋಯಿತು. ಉಳಿದ ಮುದುಕರು, ಬಾಣಂತಿಯರು, ಕೂಸುಗಳು — ಎಲ್ಲರ ಹೊಟ್ಟೆ ಆ ಹಗೇವಿನಲ್ಲಿತ್ತು.

ಹಾಡುಹಗಲು ಟೆಂಪೋ ಬಂತು. ಜೋಳ ಲೂಟಿ ಮಾಡಿ ಗಡಿಯಾಚೆ ಮಾರುವವರು. ದಾರಿ ತೋರಿಸಿದವನು ನಮ್ಮೂರ ಪಂಢರಿ. ಕೇಶರಬಾಯಿ ಹಗೇವಿನ ಬಾಯಿ ಮುಚ್ಚಿದ ಕಲ್ಲಿನ ಮೇಲೆ ಕುಂತಳು. ಮೊಣಕಾಲಿಗೆ ಸಲಾಕೆಯಿಂದ ಹೊಡೆದರು — ಏಳಲಿಲ್ಲ. ಕೈಗೆ ಹೊಡೆದರು, ಎಲುಬು ಚರ್ಮ ಹರಿದು ಹೊರಬಂತು — ಏಳಲಿಲ್ಲ. ತಲೆಗೆ ಹೊಡೆದು, ಕೂದಲು ಹಿಡಿದು ಎಳೆದೊಗೆದರು. ಬಾವಿಯ ಕಡೆಯಿಂದ ಓಡಿ ಬಂದ ನಾವು ಕಂಡದ್ದು ಇದು — ಕಲ್ಲಿನ ತುಂಬ ಆಕೆಯ ನೆತ್ತರು. ಅಷ್ಟರಲ್ಲಿ ಅವರು ಆ ಕಲ್ಲು ಸರಿಸಿ ಹಗೇವಿನ ಬಾಯಿ ತೆರೆದಿದ್ದರು.

ಹಗೇವು ತೆರೆದರೆ ಅರ್ಧ ದಿನ ಗಾಳಿಗೆ ಬಿಡಬೇಕು. ದೀಪ ಇಳಿಸಿ ನೋಡಬೇಕು, ಆರಿದರೆ ಇಳಿಯಬಾರದು. ಹಾಲುಗಲ್ಲದ ವಯಸ್ಸಿನಿಂದ ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತ ಪಂಢರಿ ಇದನ್ನು ಎಂದು ನೋಡಿದ್ದ? ಬಿದ್ದಲ್ಲಿಂದಲೇ ಆಕೆ ಒದರಿದಳು — "ಇಳೀಬ್ಯಾಡೋ, ಒಳಗ ವಿಷಗಾಳಿ ಐತಿ!"

"ನನ್ನ ಅಂಜಸ್ತಿ ಏನವಾ?" ಅಂದ. ಧುಮುಕಿದ. ಮತ್ತೆ ದನಿಯಿಲ್ಲ. ಜೊತೆಗಾರರು ಟೆಂಪೋ ಹತ್ತಿ ಓಡಿದರು.

ನಾನು "ಸಾಯಲಿ" ಅಂದೆ. ಕೈಯಲ್ಲಿ ಕುಡುಗೋಲಿತ್ತು, ಮೇಲೆ ಬಂದಿದ್ದರೆ ನಾನೇ ಕಡಿಯುತ್ತಿದ್ದೆ.

"ಜಿಜಾಕ್ಕಾ," ಅಂದಳು ಕೇಶರಬಾಯಿ, "ಹೆಣ ಬಿದ್ದ ಹಗೇವಿನ ಜೋಳ ಯಾವ ಕೂಸಿಗಿ ಕುದಸ್ತಿ? ಪಾತಾಳಗರಡಿ ತಾ."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಅದು. ಹಗ್ಗ ಕಟ್ಟಿ ಬಿಟ್ಟೆವು. ಅವನ ಭುಜದ ಮಾಂಸ ಕಚ್ಚಿತು. ನಾನೇನೂ ಮೆಲ್ಲಗೆ ಎಳೆಯಲಿಲ್ಲ. ಅವನು ಉಳಿದ, ಈಗ ಪೊಲೀಸರ ಕೈಯಲ್ಲಿದ್ದಾನೆ. ಆಕೆ ಭಾಲ್ಕಿ ದವಾಖಾನೆಯ ದಾರಿಯಲ್ಲಿ ತೀರಿಕೊಂಡಳು — ನನ್ನ ತೊಡೆಯ ಮೇಲೆ. ಕೊನೆಯ ಮಾತು ಇಷ್ಟೇ — "ಅವನ ಹೇಣ್ತಿ ಬಾಣಂತಿ. ಆ ಮನಿ ಪಾಲು ತಪ್ಪಸಬ್ಯಾಡರಿ."

ನಿನ್ನೆ ನಿಮ್ಮಲ್ಲಿ ಕೆಲವರು ಆ ಮನೆಗೆ ಬೆಂಕಿ ಹಚ್ಚಲು ಹೋಗಿದ್ದಿರಿ. ಚಿಮಣಿ ಎಣ್ಣೆಯ ಡಬ್ಬಿ ಕಸಿದುಕೊಂಡವಳು ನಾನು. ಅವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸೂದೂ ಇಲ್ಲ. ಆದರೆ ಹಸಿದ ಕೂಸನ್ನು ಕೊಂದು ಕೇಶರಬಾಯಿಗೆ ಹೂವಿನ ಹಾರ ಹಾಕ್ತೀರೇನು?

ಶಿವಕಾಂತಾ, ಪಂಢರಿಯ ಹೆಂಡತಿ — ಬಾಗಿಲ ಹಿಂದೆ ಯಾಕ ನಿಂತೀ? ಕೂಸಿನ್ನ ಎತ್ತಿಕೊಂಡು ಮುಂದ ಬಾ.

ಹಗೇವು ಬೆಳಗಿನಿಂದ ತೆರೆದಿದೆ. ಕಲ್ಲಿನ ನೆತ್ತರು ನಾವು ತೊಳೆದಿಲ್ಲ. ಇಲ್ಲಿಂದ ಹೋಗಿ ವೈಜಿನಾಥ ದೀಪ ಇಳಿಸುತ್ತಾನೆ. ಮೊದಲ ಪಾಯಲಿ ಈಕೆಯ ಉಡಿಗೆ. ಒಪ್ಪದವರು ಈಗಲೇ ಹೊರಗ ನಡೀರಿ.

— ಯಾರೂ ಇಲ್ಲ?

ಹಂಗಾದರ ಏಳ್ರಿ. ಎಲ್ಲರೂ. ನೀನೂ ನಿಲ್ಲು ಶಿವಕಾಂತಾ, ನನ್ನ ಬಾಜೂಕ. ಕೇಶರಬಾಯಿಗಾಗಿ ಬಾಯಿ ಮುಚ್ಚಿ ನಿಲ್ಲೋಣ. ಕೂಸು ಅತ್ತರೆ ಅಳಲಿ — ಯಾರೂ ಸುಮ್ಮನಿರಿಸಬ್ಯಾಡರಿ.